ಗೆಲವೂ ನಲಿವೂ

ನಾಲ್ಕು ವರ್ಷಗಳಿಗೊಮ್ಮೆ ಒಲಿಂಪಿಕ್ ಕ್ರೀಡೆಗಳು ಜರುಗುವ ಕಾಲದಲ್ಲಿ ನಮ್ಮ ಜನರ ಮನೆಗಳಲ್ಲಿ ಒಂದು ಬಗೆಯ ಲೆಕ್ಕಾಚಾರವು ಆರಂಭವಾಗುವುದನ್ನು ವಾಚಕರು ಕಂಡೇ ಇರುವರು. ಉಳಿದ ಕಾಲವೆಲ್ಲಾ ಈಟಿಯ ಎಸೆತವನ್ನಾಗಲಿ ಬಿಲ್ಲುಗಾರಿಕೆಯನ್ನಾಗಲಿ ನೆನೆಯದವರು ಆ ಎರಡು ವಾರಗಳಲ್ಲಿ ಮಾತ್ರ ಬೆಳಗಾಗೆದ್ದು ಪಂಚಾಂಗವನ್ನು ನೋಡುವಂತೆ ಪದಕಗಳ ಪಟ್ಟಿಯನ್ನು ನೋಡುವರು. "ಇಂದು ಎಷ್ಟು ಬಂದುವು?" ಎಂಬುದೊಂದೇ ಪ್ರಶ್ನೆ. "ಹೇಗೆ ಆಡಿದರು?" ಎಂದು ಕೇಳುವವರು ವಿರಳ. 2024ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಕ್ರೀಡೆಗಳಲ್ಲಿ ನಮ್ಮ ದೇಶಕ್ಕೆ ಒಂದು ಬೆಳ್ಳಿಯೂ ಐದು ಕಂಚೂ ದೊರೆತುವು; ಚಿನ್ನವು ದೊರೆಯಲಿಲ್ಲ. ಆರು ಸ್ಪರ್ಧೆಗಳಲ್ಲಿ ನಮ್ಮವರು ನಾಲ್ಕನೆಯ ಸ್ಥಾನದಲ್ಲಿ ನಿಂತರು. ಇಡೀ ಲೋಕದಲ್ಲಿ ನಾಲ್ಕನೆಯವನೆನಿಸುವುದು ಸಾಮಾನ್ಯವಾದ ಸಿದ್ಧಿಯಲ್ಲ. ಆದರೂ ಆ ಆರು ಸ್ಥಾನಗಳನ್ನು ನಾವು ಮನೆಗೆ ಬಂದ ಸೂತಕದಂತೆ ಎಣಿಸಿದೆವು.

ಆ ಆರರಲ್ಲಿ ಒಂದು ನಮ್ಮ ರಾಜ್ಯಕ್ಕೂ ಸಂಬಂಧಪಟ್ಟುದು. ಲಕ್ಷ್ಯ ಸೇನ್ ಎಂಬ ತರುಣ ಬ್ಯಾಡ್ಮಿಂಟನ್ ಆಟಗಾರನು ಹುಟ್ಟಿದ್ದು ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿಯಾದರೂ ಪಳಗಿದ್ದು ಬೆಂಗಳೂರಿನಲ್ಲಿ, ಪ್ರಕಾಶ್ ಪಡುಕೋಣೆಯವರ ಶಿಕ್ಷಣಕೇಂದ್ರದಲ್ಲಿ. ಕಂಚಿನ ಪದಕಕ್ಕಾಗಿ ನಡೆದ ಪಂದ್ಯದಲ್ಲಿ ಅವನು ಮೊದಲನೆಯ ಆಟವನ್ನು 21-13ರಿಂದ ಗೆದ್ದನು. ಎರಡನೆಯದರಲ್ಲಿಯೂ ಮೊದಲು ಮುಂದಿದ್ದು, ಆಮೇಲೆ ಹಿಂದೆ ಬಿದ್ದು 16-21ರಿಂದ ಸೋತು, ಮೂರನೆಯದನ್ನು 11-21ರಿಂದ ಕಳೆದುಕೊಂಡನು. ಆಟವು ಮುಗಿದ ಬಳಿಕ, ಅಂಗಣದ ಬದಿಯಲ್ಲಿ ಗುರುಸ್ಥಾನದಲ್ಲಿದ್ದ ಪಡುಕೋಣೆಯವರು ಮುಚ್ಚುಮರೆಯಿಲ್ಲದೆ ಮಾತನಾಡಿದರು. ಸರ್ಕಾರವೂ ಸಂಸ್ಥೆಗಳೂ ಬೇಕಾದುದನ್ನೆಲ್ಲಾ ಒದಗಿಸಿರುವಾಗ ಇನ್ನು ಆಟಗಾರರೇ ಹೊಣೆಯನ್ನು ಹೊರತಕ್ಕದ್ದು, ನಮ್ಮವರು ಇನ್ನಾದರೂ ಗೆಲ್ಲತೊಡಗಬೇಕು, ಮನಸ್ಸಿನ ಶಿಕ್ಷಣಕ್ಕೆ ಹೆಚ್ಚಿನ ಗಮನವನ್ನು ಕೊಡಬೇಕು ಎಂಬುದು ಅವರ ಮಾತಿನ ಸಾರಾಂಶ. ಕೊಡಗಿನ ಮನೆತನದ ಆಟಗಾರ್ತಿ ಅಶ್ವಿನಿ ಪೊನ್ನಪ್ಪನವರು ಇದನ್ನು ಒಪ್ಪಲಿಲ್ಲ; ಗೆದ್ದಾಗ ಶಿಕ್ಷಕರಿಗೂ ಕೀರ್ತಿಯು ಸಲ್ಲುವುದಾದರೆ ಸೋತಾಗ ಹೊಣೆಯೆಲ್ಲವೂ ಆಟಗಾರನೊಬ್ಬನ ಮೇಲೆಯೇ ಏಕೆ ಬೀಳಬೇಕೆಂದು ಅವರು ಕೇಳಿದರು. ಈ ವಾದವು ಅಲ್ಲಿಗೆ ನಿಲ್ಲದೆ ಊರೂರಿಗೂ ಹಬ್ಬಿತು. ಒಂದು ಪಕ್ಷದವರು, "ಗೆಲ್ಲಲೇಬೇಕೆಂಬ ಛಲವಿಲ್ಲದವನು ಅಷ್ಟು ದೂರ ಹೋಗುವುದೇಕೆ?" ಎಂದರು. ಮತ್ತೊಂದು ಪಕ್ಷದವರು, "ಪಾಪ, ಹುಡುಗರು ಸಂತೋಷವಾಗಿ ಆಡಿಬರಲಿ, ಗೆಲವೇ ಸರ್ವಸ್ವವೆ?" ಎಂದರು. ಈ ಎರಡು ಪಕ್ಷಗಳನ್ನು ಎದುರುಬದುರಾಗಿ ನಿಲ್ಲಿಸಿದುದೇ ಸರಿಯೆ ಎಂಬುದು ನಾವು ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವ ಪ್ರಶ್ನೆ.

ನಮಗೆ ಬಾಲ್ಯದಿಂದ ಅಭ್ಯಾಸವಾಗಿರುವುದು ವ್ಯಾಕರಣ. ಆದುದರಿಂದ ಮೊದಲು ಅಲ್ಲಿಯೇ ಹುಡುಕಿದೆವು. ಪಾಣಿನೀಯ ಧಾತುಪಾಠದಲ್ಲಿ ದಿವಾದಿಗಣಕ್ಕೆ ಮೊದಲನೆಯದಾಗಿ 'ದಿವು' ಎಂಬ ಧಾತುವನ್ನು ಹೇಳಿದೆ. ಅದಕ್ಕೆ ಕೊಟ್ಟಿರುವ ಅರ್ಥಗಳು ಹತ್ತು. ಮೊದಲನೆಯದು ಆಟ. ಎರಡನೆಯದು ಗೆಲ್ಲಬೇಕೆಂಬ ಇಚ್ಛೆ. ಮೂರನೆಯದು ಕೊಡುಕೊಳ್ಳುವ ವ್ಯವಹಾರ. ತರುವಾಯ ಹೊಳಪು, ಹೊಗಳಿಕೆ, ಹರ್ಷ, ಮದ, ನಿದ್ರೆ, ಕಾಂತಿ, ನಡೆ. ಒಂದೇ ಧಾತುವಿನ ಹೊಟ್ಟೆಯಲ್ಲಿ ಆಟವೂ ಜಿಗೀಷೆಯೂ ಹರ್ಷವೂ ಮದವೂ ಒಟ್ಟಿಗೆ ಅಡಗಿವೆ! ಇದೇ ಧಾತುವಿನಿಂದ 'ದೇವ' ಎಂಬ ಶಬ್ದವು ಬಂದಿತೆಂದು ನಮ್ಮ ಪ್ರಾಚೀನರು ಹೇಳುವರು; ಜೂಜಿಗೆ ಹೆಸರಾದ 'ದ್ಯೂತ' ಎಂಬ ಶಬ್ದವು ಬಂದಿರುವುದೂ ಇದರಿಂದಲೇ. ಆಡುವವನಲ್ಲಿ ಗೆಲ್ಲುವ ಇಚ್ಛೆಯಿರುವುದು ಸಹಜವೆಂದೂ, ಅವನಿಗೆ ಹರ್ಷವಾಗುವುದೂ ಅಷ್ಟೇ ಸಹಜವೆಂದೂ, ಈ ಎರಡು ಒಂದೇ ಬೇರಿನ ಕೊಂಬೆಗಳೆಂದೂ ಆ ಹಳೆಯ ಶಾಬ್ದಿಕರು ಬಲ್ಲವರಾಗಿದ್ದರು. ಅದೇ ಬೇರು ಒಂದು ಕಡೆ ದೇವತ್ವದತ್ತಲೂ ಇನ್ನೊಂದು ಕಡೆ ಜೂಜಿನತ್ತಲೂ ಚಿಗುರಬಲ್ಲುದು. ಹಾಗಾದರೆ ಜಿಗೀಷೆಯೊ ಹರ್ಷವೊ ಎಂದು ಕೇಳುವುದಕ್ಕಿಂತ, ಜಿಗೀಷೆಯು ಯಾವಾಗ ಹರ್ಷವನ್ನು ಕೊಲ್ಲುವುದು, ಆಟವು ಯಾವಾಗ ದ್ಯೂತವಾಗುವುದು ಎಂದು ಕೇಳುವುದೇ ಹೆಚ್ಚು ಯುಕ್ತ.

ಈ ತಿಳಿವಳಿಕೆಯು ಗ್ರಂಥಗಳಲ್ಲಿ ಮಾತ್ರ ಉಳಿದುದಲ್ಲ. ಹೇಮಾವತಿಯ ದಂಡೆಯಲ್ಲಿರುವ ನಮ್ಮ ಹೇಮಗಿರಿಯ ಜಾತ್ರೆಗೆ ದನಗಳನ್ನು ಹಿಡಿದು ಬರುವ ರೈತನನ್ನು ನೋಡಿರಿ. ತನ್ನ ಜೊತೆ ಎತ್ತುಗಳ ಕೊಂಬಿಗೆ ಎಣ್ಣೆ ಸವರಿ, ಮೈಯುಜ್ಜಿ, ಗೆಜ್ಜೆ ಕಟ್ಟಿ ನಿಲ್ಲಿಸುವ ಅವನಿಗೆ, ತನ್ನವೇ ಮೇಲೆನಿಸಬೇಕೆಂಬ ಆಸೆಯು ಇಲ್ಲವೆಂದು ಯಾರು ಹೇಳಿಯಾರು? ಆದರೆ ಆ ಮೈಯುಜ್ಜುವುದರಲ್ಲಿ ಸುಖವಿಲ್ಲದವನು ಅಂಥ ಎತ್ತುಗಳನ್ನು ಸಾಕಲಾರನು. ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆಯ ಗರಡಿಮನೆಗಳ ಮಾತೂ ಹೀಗೆಯೇ. ಕುಸ್ತಿಗೆ ಮುಂಚೆ ಹಿರಿಯರು ಸೇರಿ 'ಜೋಡಿ ಕಟ್ಟುವುದು' ಎಂದು ಒಂದು ಪದ್ಧತಿಯುಂಟು. ಮೈಕಟ್ಟು, ತೂಕ, ಅನುಭವ ಇವುಗಳನ್ನು ನೋಡಿ ಸಮಬಲರಾದ ಇಬ್ಬರನ್ನು ಎದುರೆದುರಿಗೆ ಗೊತ್ತುಮಾಡುವರು. ಎದುರಾಳಿಗೆ ಗರಡಿಯ ಮಾತಿನಲ್ಲಿ ಶತ್ರುವೆಂಬ ಹೆಸರಿಲ್ಲ. ಅವನು ಇವನ 'ಜೋಡಿ'. ದುರ್ಬಲನನ್ನು ಕೆಡವಿದರೆ ಗೆಲವಿನ ಹೆಸರು ಬರಬಹುದು, ಕುಸ್ತಿಯಾಡಿದ ತೃಪ್ತಿಯು ಬರಲಾರದೆಂಬ ವಿವೇಕವು ಈ ಒಂದು ಶಬ್ದದಲ್ಲಿದೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ನೋಡಲು ಘೋರವಾದುದು. ಆದರೂ ಒಬ್ಬನ ತಲೆಯಿಂದ ರಕ್ತವು ಚಿಮ್ಮಿದ ಕ್ಷಣದಲ್ಲಿಯೇ ಅದನ್ನು ನಿಲ್ಲಿಸಿಬಿಡುವರು. ಜಿಗೀಷೆಗೆ ಗಡಿಯನ್ನು ಹಾಕಿದರೆ ಅದು ಆಟವಾಗಿಯೇ ಉಳಿಯುವುದು.

ಇನ್ನು ದೇಶದೇಶಗಳು ಸೇರುವ ದೊಡ್ಡ ಅಂಗಣಗಳಿಗೆ ಬರೋಣ. 1980ನೆಯ ಇಸವಿಯಲ್ಲಿ, ಒಂದು ತಿಂಗಳಿಗೆ ಸ್ವಲ್ಪ ಹೆಚ್ಚು ಕಡಿಮೆ ಅಂತರದಲ್ಲಿ, ಇಬ್ಬರು ಕನ್ನಡಿಗರು ಲೋಕದ ಕಣ್ಣಮುಂದೆ ನಿಂತರು. ಒಬ್ಬರು ಸೋತರು, ಒಬ್ಬರು ಗೆದ್ದರು. ನಮ್ಮ ಪ್ರಶ್ನೆಗೆ ಇವರಿಬ್ಬರಿಗಿಂತ ಉತ್ತಮವಾದ ಸಾಕ್ಷಿಗಳನ್ನು ನಾವು ಕಾಣೆವು.

ಮೊದಲನೆಯವರು ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್. ಆ ವರ್ಷದ ಫೆಬ್ರವರಿಯಲ್ಲಿ, ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ನಿಮಿತ್ತವಾಗಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನೊಡನೆ ಒಂದು ಟೆಸ್ಟ್ ಪಂದ್ಯವು ನಡೆಯಿತು. ನಮ್ಮ ನಾಯಕರು ವಿಶ್ವನಾಥ್. ನಮ್ಮವರು 242 ಓಟಗಳನ್ನು ಮಾಡಿದ್ದರು. ಇಂಗ್ಲೆಂಡು 58 ಓಟಗಳಿಗೆ ಐದು ವಿಕೆಟ್‌ಗಳನ್ನು ಕಳೆದುಕೊಂಡಿತ್ತು. ಆಗ ಕಪಿಲ್ ದೇವರ ಎಸೆತಕ್ಕೆ ಬಾಬ್ ಟೇಲರ್ ಎಂಬ ದಾಂಡಿಗನು ವಿಕೆಟ್ ಕೀಪರನ ಕೈಗೆ ಸಿಕ್ಕಿದನೆಂದು ಅಂಪೈರು ತೀರ್ಪನ್ನಿತ್ತರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ದಾಂಡಿಗೆ ತಗುಲಲಿಲ್ಲವೆಂದು ತೋರಿತು. ಅವರು ಅಂಪೈರಿನ ಬಳಿಗೆ ಹೋಗಿ ಕೇಳಿಕೊಂಡು, ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿ ಟೇಲರನನ್ನು ಮರಳಿ ಆಡಿಸಿದರು. ಟೇಲರನೂ ಬೋಥಮ್ಮನೂ ಕೂಡಿ 171 ಓಟಗಳನ್ನು ಸೇರಿಸಿದರು. ಕೊನೆಗೆ ಇಂಗ್ಲೆಂಡು ಹತ್ತು ವಿಕೆಟ್‌ಗಳಿಂದ ಗೆದ್ದಿತು. ವಿಶ್ವನಾಥರು ದೇಶದ ನಾಯಕರಾಗಿ ಆಡಿದುದು ಎರಡೇ ಟೆಸ್ಟ್ ಪಂದ್ಯಗಳು. ಒಂದು ಸಮವಾಯಿತು, ಇನ್ನೊಂದು ಇದು. ನಾಯಕತ್ವದ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೆಲವಿನ ಮನೆಯು ಬರಿದಾಗಿಯೇ ಉಳಿದಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಸೋತರೆಂಬ ಕಾರಣಕ್ಕಾಗಿ ನಾವು ವಿಶ್ವನಾಥರನ್ನು ಹೊಗಳುತ್ತಿಲ್ಲ. ಸೋಲಿನಲ್ಲಿ ಸ್ವತಃ ಯಾವ ಪುಣ್ಯವೂ ಇಲ್ಲ. ಅವರು ಗೆಲ್ಲಬೇಕೆಂದೇ ಆಡುತ್ತಿದ್ದರು. ಟೆಸ್ಟ್ ಪಂದ್ಯಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಓಟಗಳನ್ನು ಗಳಿಸಿದವರಿಗೆ ಜಿಗೀಷೆಯಿರಲಿಲ್ಲವೆನ್ನುವುದು ಮೂರ್ಖತನ. ಆದರೆ ಅವರು ಬಯಸಿದ್ದು ಟೇಲರನನ್ನು ತಮ್ಮ ಆಟದಿಂದ ಸೋಲಿಸುವುದನ್ನು, ಅಂಪೈರಿನ ಕಣ್ತಪ್ಪಿನಿಂದ ಸೋಲಿಸುವುದನ್ನಲ್ಲ. ಗೆಲವು ಆಟದ ಫಲವಾಗಿ ಬಂದರೆ ಅದು ತಮ್ಮದು. ಆಟದ ಹೊರಗಿನಿಂದ ಬಂದರೆ ಅದು ದಾರಿಯಲ್ಲಿ ಸಿಕ್ಕಿದ ಇನ್ನೊಬ್ಬರ ಹಣದ ಚೀಲ. ಅದನ್ನು ಒಡೆಯನಿಗೆ ಹಿಂದಿರುಗಿಸಿದವನನ್ನು ಬಡವನೆನ್ನಬಹುದು, ಸಂಪಾದಿಸಲು ಇಷ್ಟವಿಲ್ಲದವನೆನ್ನಲಾಗದು.

ಎರಡನೆಯವರು ಆಗಲೇ ಹೆಸರಿಸಿದ ಪ್ರಕಾಶ್ ಪಡುಕೋಣೆ. ಅದೇ ವರ್ಷದ ಮಾರ್ಚಿಯಲ್ಲಿ ಲಂಡನ್ನಿನಲ್ಲಿ, ಆ ಕಾಲಕ್ಕೆ ಬ್ಯಾಡ್ಮಿಂಟನ್ ಲೋಕದ ಅತ್ಯುನ್ನತ ಗೌರವವೆನಿಸಿದ್ದ ಆಲ್ ಇಂಗ್ಲೆಂಡ್ ಪಂದ್ಯಾವಳಿಯಲ್ಲಿ, ಹಿಂದಿನ ಎರಡು ವರ್ಷವೂ ಗೆದ್ದಿದ್ದ ಇಂಡೋನೇಷ್ಯದ ಲೀಮ್ ಸ್ವೀ ಕಿಂಗ್ ಎಂಬಾತನನ್ನು 15-3, 15-10ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆದರು. ಭಾರತೀಯನೊಬ್ಬನು ಅದನ್ನು ಗೆದ್ದುದು ಅದೇ ಮೊದಲು. ಈ ಗೆಲವಿನ ಬೇರು ಎಲ್ಲಿತ್ತು? ಅವರ ಬಾಲ್ಯದಲ್ಲಿ ಬೆಂಗಳೂರಿನಲ್ಲಿ ಈ ಆಟಕ್ಕೆ ತಕ್ಕ ಅಂಗಣಗಳಿರಲಿಲ್ಲ. ಮಲ್ಲೇಶ್ವರದಲ್ಲಿ ಮನೆಗೆ ಹತ್ತಿರವಿದ್ದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣವೇ ಇವರ ಆಟದ ಮನೆ. ಅಂದು ಅಲ್ಲಿ ಮದುವೆಯೊ ಮುಂಜಿಯೊ ಇದೆಯೇ ಎಂದು ಹುಡುಗರು ವಿಚಾರಿಸಿಕೊಳ್ಳುವರು. ಇಲ್ಲವೆಂದು ತಿಳಿದರೆ ಶಾಲೆ ಬಿಟ್ಟೊಡನೆ ಓಡಿಹೋಗಿ ಮನದಣಿಯೆ ಆಡುವರು. ಇದನ್ನು ಪ್ರಕಾಶರೇ ತಮ್ಮ ಹೆಣ್ಣುಮಕ್ಕಳಿಗೆ ಬರೆದ ಒಂದು ಪತ್ರದಲ್ಲಿ ನೆನೆದುಕೊಂಡಿರುವರು. ಹಾಗೆ ಓಡಿಹೋಗುತ್ತಿದ್ದ ಹುಡುಗನಿಗೆ ಲಂಡನ್ನಿನ ಪ್ರಶಸ್ತಿಯು ಗುರಿಯಾಗಿರಲಾರದು. ಅಂಗಣವು ತೆರವಾಗಿದೆಯೆಂಬುದೇ ಅಂದಿನ ಬಹುಮಾನ. ಇಂಥ ಹರ್ಷವನ್ನುಂಡು ಬೆಳೆದ ಜಿಗೀಷೆಯು 1971ರಲ್ಲಿ, ಇನ್ನೂ ಹದಿನಾರರ ವಯಸ್ಸಿನಲ್ಲಿ, ಅವರನ್ನು ರಾಷ್ಟ್ರದ ಪ್ರಶಸ್ತಿಗೆ ಏರಿಸಿತು. ಒಂಬತ್ತು ವರ್ಷ ಬಿಡದೆ ಅಲ್ಲಿಯೇ ನಿಲ್ಲಿಸಿತು. 1981ರಲ್ಲಿ ಅದೇ ಕಿಂಗನಿಗೆ ಅದೇ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಸೋತ ಮೇಲೆಯೂ ಆಟವನ್ನು ಬಿಡಿಸಲಿಲ್ಲ.

ಪ್ಯಾರಿಸ್ಸಿನಲ್ಲಿ ಪ್ರಕಾಶರು ಆಡಿದ ಕಟುವಾದ ಮಾತನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು. ಅಂಗಣವೇ ಇಲ್ಲದಿದ್ದಾಗ ಆಡಿ ಗೆದ್ದವರಿಗೆ, ಎಲ್ಲವೂ ಇದ್ದು ಸೋಲುವುದನ್ನು ಕಂಡಾಗ 'ಕುಣಿಯಲಾರದವಳು ನೆಲ ಡೊಂಕೆಂದಳು' ಎಂಬ ಗಾದೆಯು ನೆನಪಾಗಿರಬಹುದು. ಹೊಣೆಯನ್ನು ಹೊರಬೇಕೆಂದುದು ಸರಿಯೆ. ಆದರೆ ಮುಂದಿದ್ದವನು ಒಮ್ಮೆಲೇ ಹಿಂದೆ ಬೀಳುವುದಕ್ಕೆ ಗೆಲ್ಲುವ ಇಚ್ಛೆಯು ಸಾಲದಿರುವುದೇ ಕಾರಣವೆಂದು ನಾವು ನಂಬಲಾರೆವು. ಬಹುಮಟ್ಟಿಗೆ ಆ ಇಚ್ಛೆಯು ಅತಿಯಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರಗೊಳ್ಳುವುದೇ ಕಾರಣವಾಗಿರುವುದುಂಟು. ಪಾಠಶಾಲೆಯಲ್ಲಿ ಇದನ್ನು ಎಷ್ಟೋ ಸಲ ಕಾಣಬಹುದು. ಅಮರಕೋಶವನ್ನು ಮನೆಯಲ್ಲಿ ನೀರು ಕುಡಿದಂತೆ ಹೇಳುವ ಬಾಲಕನು ಪರೀಕ್ಷಕರ ಮುಂದೆ ನಿಂತೊಡನೆ, "ಮುಂದಿನ ಪದವು ಬಂದೀತೆ?" ಎಂದು ಯೋಚಿಸುವನು, ಯೋಚಿಸಿದ ಕೂಡಲೆ ಅದು ಬಾರದು. ಅಭ್ಯಾಸಬಲದಿಂದ ನಾಲಗೆಗೋ ಮಣಿಕಟ್ಟಿಗೋ ಇಳಿದಿರುವ ವಿದ್ಯೆಯನ್ನು ಮನಸ್ಸು ಮೇಲೆ ನಿಂತು ಕಾವಲು ಕಾಯತೊಡಗಿದರೆ ಆ ವಿದ್ಯೆಯು ತಡವರಿಸುವುದು. ಫಲದ ಚಿಂತೆಯು ಆಟದ ನಡುವೆ ಬಂದು ಕುಳಿತಾಗ ಆಟಗಾರನ ಕಣ್ಣು ಚೆಂಡಿನ ಮೇಲಿದ್ದರೂ ಮನಸ್ಸು ಪದಕದ ಮೇಲಿರುವುದು. ಅಭ್ಯಾಸಕಾಲದಲ್ಲಿ ಜಿಗೀಷೆಯು ಆಟಗಾರನನ್ನು ನಸುಕಿನಲ್ಲಿ ಎಬ್ಬಿಸಿ ಓಡಿಸಲಿ. ಆಟದ ಕಾಲದಲ್ಲಿ ಅದು ಹೊಸ್ತಿಲ ಹೊರಗೆ ಕಾದಿರಲಿ. ಒಳಗೆ ಹರ್ಷವೊಂದಕ್ಕೇ ಪ್ರವೇಶ. ಮನಸ್ಸಿನ ಶಿಕ್ಷಣವೆಂದು ಪ್ರಕಾಶರು ಹೇಳಿದುದರಲ್ಲಿ ಮುಖ್ಯವಾದುದು ಇದೇ ಇರಬೇಕೆಂದು ನಮ್ಮ ಎಣಿಕೆ.

ಗೆಲವಿನ ಲೆಕ್ಕವೇ ಎಷ್ಟು ಸೂಕ್ಷ್ಮವಾದ ಎಳೆಯ ಮೇಲೆ ನಿಂತಿರುವುದೆಂಬುದನ್ನೂ ನೋಡೋಣ. ನಮ್ಮ ನೆರೆಯ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶರು ಹುಟ್ಟಿನಿಂದ ಒಂದು ಕಾಲಿನಲ್ಲಿ ಊನವುಳ್ಳವರು. 2012ರಲ್ಲಿ ಲಂಡನ್ನಿನಲ್ಲಿ ಅಂಗವಿಕಲರಿಗಾಗಿ ನಡೆದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಅವರು ಎತ್ತರದ ಜಿಗಿತದಲ್ಲಿ 1.74 ಮೀಟರುಗಳನ್ನು ದಾಟಿ ಬೆಳ್ಳಿಯ ಪದಕವನ್ನು ಪಡೆದರು. ಆ ಕ್ರೀಡೆಗಳಲ್ಲಿ ಭಾರತಕ್ಕೆ ದೊರೆತ ಪದಕವು ಅದೊಂದೇ. ಚಿನ್ನವನ್ನು ಪಡೆದ ಫಿಜಿ ದ್ವೀಪದ ಇಲಿಯೇಸಾ ದೆಲಾನನು ದಾಟಿದ ಎತ್ತರವೆಷ್ಟು? ಅದೂ 1.74 ಮೀಟರು. ಕಂಚನ್ನು ಪಡೆದ ಪೋಲೆಂಡಿನವನದೂ ಅಷ್ಟೇ. ಮೂವರೂ ಒಂದೇ ಎತ್ತರಕ್ಕೆ ಹಾರಿದಾಗ, ಯಾರು ಎಷ್ಟು ಸಲ ಕೋಲನ್ನು ಕೆಡವಿದ್ದರು ಎಂಬುದನ್ನೆಣಿಸಿ ತರತಮವನ್ನು ನಿರ್ಣಯಿಸುವುದು ಆ ಆಟದ ಕ್ರಮ. ಕ್ರಮವು ನ್ಯಾಯವಾದುದೇ, ಸ್ಪರ್ಧೆಯೆಂದ ಮೇಲೆ ಒಂದು ನಿರ್ಣಯವು ಬೇಕು. ಆದರೆ ಒಂದು ಕಾಲಿನ ಬಲದಿಂದ ಅಷ್ಟೆತ್ತರಕ್ಕೆ ಏರಿದ ಆ ಕ್ಷಣದ ಅನುಭವದಲ್ಲಿ ಚಿನ್ನ, ಬೆಳ್ಳಿ, ಕಂಚು ಎಂಬ ಭೇದವುಂಟೆ? ಪದಕದ ಲೋಹವು ಮೂರು ಬಗೆ, ಜಿಗಿತವು ಒಂದೇ.

ಅದೇ ಹಾಸನದಲ್ಲಿ ಜನಿಸಿದ ಸುಹಾಸ್ ಯತಿರಾಜರು ಉತ್ತರ ಪ್ರದೇಶದ ಒಂದು ಜಿಲ್ಲೆಯ ಆಡಳಿತವನ್ನು ಹೊತ್ತಿದ್ದ ಅಧಿಕಾರಿಗಳಾಗಿದ್ದುಕೊಂಡೇ, 2021ರಲ್ಲಿ ಟೋಕಿಯೋವಿನ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಬ್ಯಾಡ್ಮಿಂಟನ್ನಿನ ಬೆಳ್ಳಿಯನ್ನು ಪಡೆದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಪುನಃ ಬೆಳ್ಳಿ. ಎರಡು ಸಲವೂ ಕೊನೆಯ ಪಂದ್ಯದಲ್ಲಿ ಸೋಲಿಸಿದವನು ಫ್ರಾನ್ಸಿನ ಲೂಕಾ ಮಜೂರ್ ಎಂಬ ಒಬ್ಬನೇ. ಜೀವನೋಪಾಯಕ್ಕೆ ಆಟವು ಬೇಕಿಲ್ಲದ, ಕಡತಗಳ ನಡುವೆ ಬಿಡುವಿಲ್ಲದ ಮನುಷ್ಯನು, ಒಬ್ಬನೇ ಎದುರಾಳಿಗೆ ಸೋತು ಮೂರು ವರ್ಷಗಳ ತರುವಾಯ ಮತ್ತೆ ಅವನೆದುರು ಹೋಗಿ ನಿಲ್ಲುವುದು ಬರಿಯ ಪದಕದ ಆಸೆಯಿಂದ ಸಾಧ್ಯವೆ? ಆಡುವುದರಲ್ಲಿಯೇ ಅವನಿಗೆ ಏನೋ ದೊರೆಯುತ್ತಿರಬೇಕು. 1992ರ ಬಾರ್ಸಿಲೋನಾ ಒಲಿಂಪಿಕ್ ಕ್ರೀಡೆಗಳ ಚಿತ್ರಗಳನ್ನಿಟ್ಟುಕೊಂಡು ಪದಕ ಪಡೆದವರ ಮುಖಭಾವವನ್ನು ಪರಿಶೀಲಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞರು, ಬೆಳ್ಳಿಯವರಿಗಿಂತ ಕಂಚಿನವರೇ ಹೆಚ್ಚು ಸಂತುಷ್ಟರಾಗಿ ಕಂಡರೆಂದು 1995ರಲ್ಲಿ ಬರೆದರು. ಬೆಳ್ಳಿಯವನು ಕೈತಪ್ಪಿದ ಚಿನ್ನವನ್ನು ನೆನೆಯುವನು. ಕಂಚಿನವನು ತಾನು ಬರಿಗೈಯಲ್ಲಿ ಹಿಂದಿರುಗಬೇಕಾಗಿದ್ದಿತಲ್ಲಾ ಎಂದು ಹಿಗ್ಗುವನು. ಪಡೆದುದಕ್ಕೂ ಪಟ್ಟ ಸುಖಕ್ಕೂ ನೇರವಾದ ಲೆಕ್ಕವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಹಾಗೆಂದು ಗೆಲವನ್ನು ಹಂಚಿಕೊಳ್ಳುವುದೇ ಸದಾ ಶ್ರೇಷ್ಠವೆಂದೂ ನಾವು ಹೇಳೆವು. ಟೋಕಿಯೋವಿನಲ್ಲಿ ಎತ್ತರದ ಜಿಗಿತದಲ್ಲಿ ಕತಾರ್ ದೇಶದ ಬರ್ಶಿಮನೂ ಇಟಲಿಯ ತಂಬೇರಿಯೂ 2.37 ಮೀಟರುಗಳನ್ನು ದಾಟಿ, ಮುಂದಿನ ಎತ್ತರದಲ್ಲಿ ಮೂರು ಸಲ ತಪ್ಪಿ, ಎಲ್ಲಾ ಲೆಕ್ಕದಲ್ಲಿಯೂ ಸಮವಾದರು. ಇನ್ನೂ ಹಾರಿ ತೀರ್ಮಾನಿಸಿಕೊಳ್ಳುವಿರಾ ಎಂದು ಅಧಿಕಾರಿಯು ಕೇಳಿದಾಗ, ಎರಡು ಚಿನ್ನಗಳಿಗೆ ಅವಕಾಶವುಂಟೆ ಎಂದು ಬರ್ಶಿಮನು ಕೇಳಿದನು. ಉಂಟೆಂದು ತಿಳಿದೊಡನೆ ಇಬ್ಬರೂ ಅಪ್ಪಿಕೊಂಡರು. ಲೋಕವೆಲ್ಲಾ ಮೆಚ್ಚಿತು. ಮೂರು ವರ್ಷಗಳಾದ ಮೇಲೆ ಪ್ಯಾರಿಸ್ಸಿನಲ್ಲಿ ಅದೇ ಸ್ಪರ್ಧೆಯಲ್ಲಿ ನ್ಯೂಜಿಲೆಂಡಿನ ಕೆರ್ ಎಂಬವನೂ ಅಮೆರಿಕದ ಮೆಕ್‌ಯೂಎನ್ ಎಂಬವನೂ 2.36 ಮೀಟರಿನಲ್ಲಿ ಸಮವಾದಾಗ, ಇವರು ಹಂಚಿಕೊಳ್ಳದೆ ಹಾರಿಯೇ ನಿರ್ಣಯಿಸಿಕೊಂಡರು; ಕೆರ್ ಗೆದ್ದನು. ಆಗ ಕೆಲವರು ಸೋತವನನ್ನು ದುರಾಸೆಯವನೆಂದು ಹಳಿದರು. ನಮಗೆ ಆ ನಿಂದೆಯು ಒಪ್ಪಿಗೆಯಾಗಲಿಲ್ಲ. ಹಂಚಿಕೊಂಡವರೂ ಆಟಗಾರರೇ, ಇನ್ನೊಂದು ಸಲ ಹಾರೋಣವೆಂದವರೂ ಆಟಗಾರರೇ. ಸಮನಾದ ಜೋಡಿಯೊಡನೆ ಇನ್ನೊಂದು ಪಟ್ಟು ಹಿಡಿಯುವುದರಲ್ಲಿಯೂ ಒಂದು ಸುಖವಿದೆಯೆಂಬುದನ್ನು ನಮ್ಮ ಗರಡಿಯವರು ಕೂಡಲೆ ಒಪ್ಪಿಯಾರು.

ಧಾತುವಿನ ಅರ್ಥಗಳಲ್ಲಿ ಹರ್ಷದ ಬೆನ್ನಿಗೇ ಮದವೂ ಅದರ ಬೆನ್ನಿಗೆ ನಿದ್ರೆಯೂ ಬಂದಿರುವುದನ್ನು ವಾಚಕರು ಗಮನಿಸಿರಬಹುದು. ಗೆಲವೊಂದನ್ನೇ ನೆಮ್ಮಿದವರ ಗತಿಯು ಈ ಕ್ರಮವನ್ನೇ ಅನುಸರಿಸುವುದುಂಟು. 2008ರಲ್ಲಿ ಬೀಜಿಂಗಿನಲ್ಲಿ ರೈಫಲ್ ಗುರಿಯಲ್ಲಿ ಚಿನ್ನವನ್ನು ಗೆದ್ದ ಅಭಿನವ್ ಬಿಂದ್ರಾ, ಒಲಿಂಪಿಕ್ಕಿನಲ್ಲಿ ಒಬ್ಬಂಟಿಯಾಗಿ ಚಿನ್ನವನ್ನು ತಂದ ಮೊದಲನೆಯ ಭಾರತೀಯರು. ಆ ಗೆಲವಿನ ತರುವಾಯ ತಮ್ಮನ್ನು ಒಂದು ದೊಡ್ಡ ಶೂನ್ಯವು ಆವರಿಸಿತೆಂದು ಅವರು ಬಿಚ್ಚುಮನಸ್ಸಿನಿಂದ ಹೇಳಿಕೊಂಡಿರುವರು. ಎಷ್ಟೋ ವರ್ಷಗಳ ಬಾಳನ್ನು ಒಂದೇ ಗುರಿಗೆ ಕಟ್ಟಿಟ್ಟವನಿಗೆ, ಗುರಿಯನ್ನು ಹೊಡೆದ ಮಾರನೆಯ ದಿನ ಎದ್ದು ಮಾಡುವುದೇನು? ಸೋಲಿನ ದುಃಖಕ್ಕೆ ಸಮಾಧಾನ ಹೇಳಲು ಹತ್ತು ಮಂದಿ ಬರುವರು. ಗೆಲವಿನ ದುಃಖಕ್ಕೆ ಬರುವವರು ಯಾರು?

ಇದಕ್ಕೆ ವಿರುದ್ಧವಾದ ದೃಷ್ಟಾಂತವು ಕೊಡಗಿನ ರೋಹನ್ ಬೋಪಣ್ಣನವರದು. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ, ಮೊಣಕಾಲುಗಳು ಸವೆದು, ಟೆನಿಸ್ಸನ್ನು ಬಿಟ್ಟು ಮನೆಗೆ ಹೋಗಿಬಿಡಲೆ ಎಂದು ಅವರು ಯೋಚಿಸಿದ್ದರಂತೆ. ಪ್ರಶಸ್ತಿಯೊಂದೇ ಆಟದ ಬೆಲೆಯಾಗಿದ್ದರೆ ಅಂದೇ ಬಿಡಬೇಕಾಗಿತ್ತು. ಲೆಕ್ಕವು ಹಾಗೆಯೇ ಹೇಳುತ್ತಿತ್ತು. ಅವರು ಬಿಡಲಿಲ್ಲ. ಯೋಗಾಭ್ಯಾಸದಿಂದ ಕಾಲುಗಳನ್ನು ಸುಧಾರಿಸಿಕೊಂಡು ಮತ್ತೆ ಆಡಿದರು. 2024ರ ಜನವರಿಯಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಎಂಬ ಜೊತೆಗಾರನೊಡನೆ ಆಸ್ಟ್ರೇಲಿಯದ ಪಂದ್ಯಾವಳಿಯ ಪುರುಷರ ಜೋಡಿ ಪ್ರಶಸ್ತಿಯನ್ನು ಪಡೆದು, ಲೋಕದ ಮೊದಲನೆಯ ಸ್ಥಾನಕ್ಕೆ ಏರಿದರು. ಜಿಗೀಷೆಯು ದಣಿದು ಕುಳಿತ ದಿನಗಳಲ್ಲಿ ಆಟಗಾರನನ್ನು ಕೈಹಿಡಿದು ದಾಟಿಸುವುದು ಹರ್ಷವೊಂದೇ. ದೀಪದ ಉರಿಯು ಎಲ್ಲರಿಗೂ ಕಾಣುವುದು, ಎಣ್ಣೆಯು ಕಾಣದು. ಎಣ್ಣೆಯು ತೀರಿದ ಮೇಲೆ ಉರಿಯುವುದು ಬತ್ತಿಯೇ.

ಇಷ್ಟರಲ್ಲಿ ಕೆಲವರು ನಮ್ಮನ್ನು ತಡೆದು ಕೇಳಬಹುದು: "ಹೊಟ್ಟೆ ತುಂಬಿದವರಿಗೆ ಆನಂದದ ಮಾತು ಸರಿ. ಬಡವರ ಮನೆಯ ಹುಡುಗನಿಗೆ ಪದಕವೆಂದರೆ ಉದ್ಯೋಗ, ತಾಯಿಗೆ ಔಷಧ, ತಂಗಿಗೆ ಓದು. ಅವನು ಗೆಲ್ಲದೆ ನಲಿದರೆ ಯಾರು ಅನ್ನವಿಡುವರು?" ಈ ಆಕ್ಷೇಪಣೆಯು ನಿಜವಾದುದು, ಇದನ್ನು ಹಗುರಾಗಿ ತಳ್ಳಿಹಾಕಲಾಗದು. ವ್ಯವಹಾರವೂ ಆ ಧಾತುವಿನ ಅರ್ಥಗಳಲ್ಲಿ ಒಂದೇ ಆಗಿದೆಯಷ್ಟೆ. ಆದರೆ ಇದರಿಂದ ಸಿದ್ಧವಾಗುವುದೇನು? ಹುಡುಗನು ಹೆಚ್ಚು ಭಯಪಟ್ಟು ಆಡಬೇಕೆಂದಲ್ಲ. ಅವನ ಮನೆಯ ಅನ್ನವು ಒಂದು ಮಧ್ಯಾಹ್ನದ ಜಿಗಿತದ ಮೇಲೆ ನಿಲ್ಲಬಾರದೆಂದು. ನಾಲ್ಕನೆಯವನಾಗಿ ಬಂದವನಿಗೂ ಜೀವನಮಾರ್ಗವು ಇದೆಯೆಂಬ ಧೈರ್ಯವನ್ನು ಸಮಾಜವು ಕೊಟ್ಟರೆ, ಅವನು ನಾಲ್ಕನೆಯವನಾಗದೆ ಮೂರನೆಯವನಾಗುವ ಸಂಭವವೂ ಹೆಚ್ಚುವುದು. ಗೆದ್ದವನಿಗೆ ಹಣದ ಮಳೆಯನ್ನೇ ಸುರಿಸಿ, ಬೆರಳಿನಷ್ಟು ಅಂತರದಲ್ಲಿ ತಪ್ಪಿದವನ ಹೆಸರನ್ನೇ ಮರೆಯುವ ಪದ್ಧತಿಯು ಆಟವನ್ನು ಜೂಜುಕಟ್ಟೆಯನ್ನಾಗಿ ಮಾಡುವುದು. ಅಲ್ಲಿ ದ್ಯೂತಕ್ಕೆ ಕುಳಿತವನು ಆಟಗಾರನಲ್ಲ, ನಾವು. ಪಣವಾಗಿರುವವನು ಅವನು.

ಈ ಪತ್ರಿಕೆಯನ್ನೋದುವ ಗೃಹಸ್ಥರ ಮಕ್ಕಳಲ್ಲಿ ಒಲಿಂಪಿಕ್ ಕ್ರೀಡೆಗಳಿಗೆ ಹೋಗುವವರು ಎಷ್ಟು ಮಂದಿಯೊ ನಾವರಿಯೆವು. ಆಟದ ಬಯಲಿಗೆ ಹೋಗುವವರು ಎಲ್ಲರ ಮನೆಗಳಲ್ಲಿಯೂ ಇರುವರು. ಈಚೆಗೆ ಐದು ವರ್ಷದ ಕೂಸಿಗೂ ತರಬೇತಿ, ಏಳು ವರ್ಷದ ಬಾಲಕನಿಗೂ ಪ್ರಶಸ್ತಿಪತ್ರ. ಬೇಲಿಯಾಚೆ ನಿಂತು "ಹೊಡೆ, ಓಡು, ಬಿಡಬೇಡ" ಎಂದು ಕೂಗುವ ತಂದೆಯಂದಿರ ಕಂಠವು ಶಿಕ್ಷಕನ ಕಂಠಕ್ಕಿಂತ ಎತ್ತರವಾಗಿರುವುದನ್ನು ಯಾವ ಊರಿನಲ್ಲಿಯಾದರೂ ಕೇಳಬಹುದು. ಮಗುವು ಮನೆಗೆ ಬಂದೊಡನೆ ಮೊದಲು ಕೇಳುವ ಪ್ರಶ್ನೆ, "ಗೆದ್ದೆಯಾ?" ದಿನವೂ ಈ ಪ್ರಶ್ನೆಯನ್ನೇ ಕೇಳಿ ಬೆಳೆದ ಮಗುವು ಸೋತ ದಿನ ಮನೆಗೆ ಬರಲು ಅಂಜುವುದು, ಕಾಲಕ್ರಮದಲ್ಲಿ, ಸೋಲಬಹುದಾದ ಆಟಕ್ಕೆ ಇಳಿಯಲು ಅಂಜುವುದು, ಕೊನೆಗೆ ಆಡುವುದನ್ನೇ ಬಿಡುವುದು. ಗೆಲವಿನ ಮೇಲಣ ನಮ್ಮ ಅತ್ಯಾಸೆಯೇ ಗೆಲ್ಲಬಹುದಾಗಿದ್ದ ಒಂದು ಜೀವವನ್ನು ಅಂಗಣದಿಂದ ಹೊರಕ್ಕೆ ಅಟ್ಟಿದಂತಾಗುವುದು.

ಆದುದರಿಂದ ನಮ್ಮ ಸೂಚನೆಯು ಅತ್ಯಲ್ಪವಾದುದು. ಮೊದಲನೆಯ ಪ್ರಶ್ನೆಯನ್ನು ಬದಲಾಯಿಸಿರಿ. "ಇಂದು ಯಾರ ಜೊತೆ ಆಡಿದೆ? ಅವನ ಆಟದಲ್ಲಿ ಯಾವುದು ಚೆನ್ನಾಗಿತ್ತು? ನಿನಗೆ ನಿನ್ನೆ ಬಾರದಿದ್ದುದು ಇಂದು ಯಾವುದು ಬಂದಿತು?" ಎಂದು ಕೇಳಿರಿ. ಗೆದ್ದೆಯಾ ಎಂಬುದನ್ನು ಕೇಳಲೇಬಾರದೆಂದಲ್ಲ. ಊಟಕ್ಕೆ ಕುಳಿತಾಗ, ಎರಡನೆಯ ಸಲ ಅನ್ನ ಬಡಿಸುವ ಹೊತ್ತಿಗೆ ಕೇಳಿದರೆ ಸಾಕು. ಸೋತಿದ್ದರೆ 'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಸುಳ್ಳು ಸಮಾಧಾನವನ್ನು ಕಲಿಸಬೇಡಿರಿ. ಮೀಸೆಗೆ ಮಣ್ಣು ಹತ್ತಿದೆಯೆಂದೂ, ತೊಳೆದುಕೊಂಡು ನಾಳೆ ಮತ್ತೆ ಹೋಗಬೇಕೆಂದೂ ಹೇಳಿರಿ. ಮರುದಿನ ಕರೆಯದೆಯೇ ಮಗುವು ಬಯಲಿಗೆ ಓಡಿದರೆ ನಿಮ್ಮ ಮನೆಯ ಶಿಕ್ಷಣವು ಸರಿಯಾಗಿದೆಯೆಂದು ತಿಳಿಯಿರಿ.

ಚಿಕ್ಕ ಮಕ್ಕಳು ದೊಡ್ಡವರ ಆಟದಲ್ಲಿ ಸೇರಿಕೊಂಡಾಗ ನಮ್ಮಲ್ಲಿ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಹೇಳುವ ರೂಢಿಯುಂಟು. ಗೆಲ್ಲುವ ಸಂಕಲ್ಪವಿಲ್ಲದೆ ದೇಶದ ಹೆಸರನ್ನು ಹೊತ್ತು ಹೋಗುವವನು ದೊಡ್ಡವನಾದ ಮೇಲೆಯೂ ಹಾಗೆಯೇ ಉಳಿದನೆನ್ನಬೇಕು. ಪ್ರಕಾಶರ ಮಾತು ಅವನಿಗೆ ತಕ್ಕುದೇ. ಆದರೆ ಪದಕದ ಪಟ್ಟಿಯೊಂದನ್ನೇ ನೋಡುತ್ತ, ಆಡಿದವರ ಆಟವನ್ನು ಕಣ್ಣೆತ್ತಿಯೂ ನೋಡದವರು ನಮ್ಮಲ್ಲಿ ಅದಕ್ಕಿಂತ ಹೆಚ್ಚಾಗಿರುವರು. ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಮುಂದಿನ ಒಲಿಂಪಿಕ್ ಕ್ರೀಡೆಗಳು 2028ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆಯಬೇಕಾಗಿವೆ. ಅಷ್ಟರೊಳಗಾಗಿ ನಾವು ಮನೆಯವರೆಲ್ಲ ಕುಳಿತು ಒಂದು ಪಂದ್ಯವನ್ನಾದರೂ, ಗೆದ್ದವರಾರೆಂದು ಮೊದಲೇ ವಿಚಾರಿಸದೆ, ಮೊದಲಿನಿಂದ ಕೊನೆಯವರೆಗೆ ನೋಡುವ ಅಭ್ಯಾಸವನ್ನು ಮಾಡಿಕೊಂಡರೆ ಅದೂ ಒಂದು ತಕ್ಕ ಸಿದ್ಧತೆಯೇ.